ಔಲುವಿನ ಕಪ್ಪು ಬಿಲ್ಲೆಯ ಹುಡುಗರು

ಎರಡು ವರ್ಷದ ಧರ್ಮಪ್ರಚಾರಕ್ಕೆ ಯಾವ ದೇಶಕ್ಕೆ ಹೋಗಬೇಕೆಂದು ಅಮೆರಿಕದ ಮಾರ್ಮನ್ ಚರ್ಚಿನ ಹುಡುಗರು ಆರಿಸಿಕೊಳ್ಳುವ ಹಾಗಿಲ್ಲ. ಅರ್ಜಿ ಹಾಕುತ್ತಾರೆ, ವೈದ್ಯರಿಗೂ ದಂತವೈದ್ಯರಿಗೂ ತೋರಿಸಿ ಪ್ರಮಾಣಪತ್ರ ತರುತ್ತಾರೆ, ತಮ್ಮೂರಿನ ಸಭೆಯ ಹಿರಿಯರೆದುರು ಕುಳಿತು ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ. ಆಮೇಲೆ ಕಾಯುವುದು. ಸಾಲ್ಟ್ ಲೇಕ್ ಸಿಟಿಯ ಮುಖ್ಯ ಕಚೇರಿಯಲ್ಲಿ, ಅಪೊಸ್ತಲರೆಂದು ಕರೆಸಿಕೊಳ್ಳುವ ಹಿರಿಯರಲ್ಲೊಬ್ಬರು ಕಡತ ನೋಡಿ, ಪ್ರಾರ್ಥಿಸಿ, ಊರು ಗೊತ್ತುಮಾಡುತ್ತಾರೆ. 2018ರವರೆಗೆ ಅದು ದೊಡ್ಡದೊಂದು ಬಿಳಿ ಲಕೋಟೆಯಲ್ಲಿ ಅಂಚೆಯ ಮೂಲಕ ಬರುತ್ತಿತ್ತು. ಅಜ್ಜ ಅಜ್ಜಿ, ಚಿಕ್ಕಪ್ಪ ದೊಡ್ಡಪ್ಪಂದಿರು, ಗೆಳೆಯರೆಲ್ಲ ಸೇರಿದ ಮೇಲೆ ಹುಡುಗ ಅದನ್ನು ಒಡೆದು ಗಟ್ಟಿಯಾಗಿ ಓದಬೇಕು. ಬ್ರೆಜಿಲ್ ಬರಬಹುದು, ಘಾನಾ ಬರಬಹುದು, ಪಕ್ಕದ ರಾಜ್ಯವೇ ಬಂದು ನೆರೆದವರ ಮುಖ ಸಪ್ಪಗಾಗಬಹುದು. ಅರಿಜೋನಾದ ಮೇಸಾ ಎಂಬಲ್ಲಿ, ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ಊರಿನಲ್ಲಿ, ಬೆಳೆದ ಹುಡುಗನೊಬ್ಬನಿಗೆ ಫಿನ್‌ಲ್ಯಾಂಡ್ ಬಂದಿತ್ತು. ಅವನು ನಮ್ಮ ಮನೆಯ ಬಾಗಿಲು ತಟ್ಟಿದ್ದು ಜನವರಿಯಲ್ಲಿ.

ಆಗ ನಾವು ಔಲುವಿನಲ್ಲಿದ್ದೆವು. ಹೆಲ್ಸಿಂಕಿಯಿಂದ ಉತ್ತರಕ್ಕೆ ಸುಮಾರು 600 ಕಿಲೋಮೀಟರ್, ಬೋತ್ನಿಯಾ ಕೊಲ್ಲಿಯ ದಡ. ಮೊಬೈಲ್ ಜಾಲದ ಕೆಲಸ ಹಿಡಿದು ಬೆಂಗಳೂರಿನಿಂದ ಅಲ್ಲಿಗೆ ಹೋದವರಲ್ಲಿ ನಾನೂ ನನ್ನ ಗಂಡನೂ ಸೇರಿದ್ದೇವೆ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಸೂರ್ಯ ಬೆಳಗಿನ ಹತ್ತೂವರೆಯ ಹೊತ್ತಿಗೆ ಎದ್ದು ಮಧ್ಯಾಹ್ನ ಎರಡಕ್ಕೆ ಮುಳುಗುತ್ತಾನೆ; ಎದ್ದದ್ದೂ ನೆತ್ತಿಗೆ ಬರುವುದಿಲ್ಲ, ಮರಗಳ ತುದಿಯಲ್ಲೇ ಸವರಿಕೊಂಡು ಹೋಗುತ್ತಾನೆ. ಜನವರಿಯಲ್ಲಿ ಬೆಳಕು ಸ್ವಲ್ಪ ಹೆಚ್ಚುತ್ತದೆ, ಚಳಿಯೂ ಹೆಚ್ಚುತ್ತದೆ. ಅಂಥದೊಂದು ಸಂಜೆ ಬಾಗಿಲು ತೆರೆದರೆ ಇಬ್ಬರು ಹುಡುಗರು. ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ, ಮಫ್ಲರಿನ ಸಂದಿಯಲ್ಲಿ ಇಣುಕುವ ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಬಿಲ್ಲೆಯಲ್ಲಿ ಮನೆತನದ ಹೆಸರು ಮಾತ್ರ. ಅಪ್ಪ ಅಮ್ಮ ಇಟ್ಟ ಹೆಸರನ್ನು ಎರಡು ವರ್ಷ ಯಾರೂ ಕರೆಯುವುದಿಲ್ಲ, ಜೊತೆಗಾರನೂ ಕರೆಯುವುದಿಲ್ಲ. ಅವನು ಎಲ್ಡರ್ (ಹಿರಿಯ) ಇಂಥವನು, ಅಷ್ಟೆ. ಮೀಸೆ ಸರಿಯಾಗಿ ಮೂಡದವನಿಗೂ ಅದೇ ಬಿರುದು.

ಒಳಗೆ ಬನ್ನಿ ಎಂದೆ. ಹೊಸ್ತಿಲಾಚೆ ನಿಲ್ಲಿಸಿ ಮಾತನಾಡಿಸುವುದು ನಮ್ಮ ಸಾಗರದ ಕಡೆ ಸಾಲ ವಸೂಲಿಗೆ ಬಂದವರಿಗೆ ಮಾಡುವ ಉಪಚಾರ. ಅವರು ಮುಖ ಮುಖ ನೋಡಿಕೊಂಡರು. ಮನೆಯಲ್ಲಿ ಇನ್ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇಲ್ಲ, ಗಂಡ ಇನ್ನೊಂದು ಹತ್ತು ನಿಮಿಷದಲ್ಲಿ ಬರುತ್ತಾನೆ ಎಂದೆ. ಹಾಗಾದರೆ ಇಲ್ಲೇ ನಿಲ್ಲುತ್ತೇವೆ ಎಂದರು. ಹೆಂಗಸೊಬ್ಬಳೇ ಇರುವ ಮನೆಗೆ ಹುಡುಗರು ಕಾಲಿಡಬಾರದೆಂಬುದು ಅವರ ನಿಯಮ. ಹೊರಗೆ ಮೈನಸ್ ಇಪ್ಪತ್ತೋ ಏನೋ. ನಮ್ಮದು ಸಾಲುಮನೆ, ಬಾಗಿಲಾಚೆ ನೇರ ಹಿಮ. ಬಾಗಿಲು ತೆರೆದಿಟ್ಟರೆ ಮನೆಯ ಶಾಖವೆಲ್ಲ ಬೀದಿಪಾಲು, ಮುಚ್ಚಿದರೆ ಮನುಷ್ಯತ್ವವಲ್ಲ. ಕೊನೆಗೆ ನಾನೇ ಕೋಟು ಹಾಕಿಕೊಂಡು ಹೊರಗೆ ಹೋಗಿ ಅವರ ಜೊತೆ ನಿಂತೆ. ಮೇಸಾದ ಹುಡುಗನ ರೆಪ್ಪೆಯ ಮೇಲೆ ಹಿಮದ ಹರಳುಗಳಿದ್ದವು. ಅವನು ತನ್ನ ಫಿನ್ನಿಶ್ ಪ್ರಯೋಗಿಸಿದ, ನಾನು ನನ್ನದನ್ನು ಪ್ರಯೋಗಿಸಿದೆ. ಎರಡೂ ಸೋತ ಮೇಲೆ ಇಂಗ್ಲಿಷಿಗೆ ಬಂದೆವು.

ಗಂಡ ಬಂದ ಮೇಲೆ ಒಳಗೆ ಬಂದರು. ಕನ್ನಡಕ ಹಾಕಿದವನಿಗೆ ಗಾಜು ಮಂಜುಗಟ್ಟಿ ಕುರ್ಚಿಯೇ ಕಾಣಲಿಲ್ಲ. ಊರಿಂದ ತಂದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿದ್ದೆ; ಕಾಫಿ ಬೇಡ ಎಂದರು. ಚಹಾ? ಅದೂ ಬೇಡ. 1833ರಲ್ಲಿ ಅವರ ಪ್ರವಾದಿ ಜೋಸೆಫ್ ಸ್ಮಿತ್ ಕೊಟ್ಟ ಆಹಾರದ ನಿಯಮಗಳಲ್ಲಿ ಮದ್ಯ, ತಂಬಾಕಿನ ಜೊತೆ ಇವೆರಡೂ ನಿಷಿದ್ಧ. ವರ್ಷಕ್ಕೆ ತಲೆಗೆ ಹತ್ತು ಕಿಲೋದ ಆಸುಪಾಸು ಕಾಫಿ ಬಳಸುವ, ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿರುವ ದೇಶಕ್ಕೆ ಕಾಫಿ ಮುಟ್ಟದವರನ್ನು ಧರ್ಮಪ್ರಚಾರಕ್ಕೆ ಕಳುಹಿಸುವುದೆಂದರೆ! ಫಿನ್ನರ ಮನೆಯಲ್ಲಿ ಸ್ನೇಹ ಶುರುವಾಗುವುದೇ ಕಾಫಿಯಿಂದ. ಇವರು ಮೊದಲ ಹೆಜ್ಜೆಯಲ್ಲೇ ಬೇಡ ಎನ್ನಬೇಕು. ಬಿಸಿ ಹಾಲಿಗೆ ಬಾದಾಮಿ ಪುಡಿ ಹಾಕಿ ಕೊಟ್ಟೆ. ಅರಿಜೋನಾದವನು ಎರಡು ಲೋಟ ಕುಡಿದ.

ಒಂದು ಸ್ಪಷ್ಟನೆ ಇಲ್ಲೇ ಕೊಟ್ಟುಬಿಡುತ್ತೇನೆ. ಮಾರ್ಮನ್ ಎಂಬುದು ಅಡ್ಡಹೆಸರು, ಸಂಸ್ಥೆಯ ಪೂರ್ತಿ ಹೆಸರನ್ನೇ ಬಳಸಬೇಕು ಎಂದು ಆಗಿನ ಅವರ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಹೇಳಿದ್ದರು. ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಪ್ರತಿ ಸಾಲಿನಲ್ಲೂ ಅದನ್ನು ಬರೆದರೆ ಓದುವವರಿಗೆ ಏದುಸಿರು ಬಂದೀತು. ಹಾಗಾಗಿ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ.

ಅವರ ದಿನಚರಿ ಕೇಳಿದಷ್ಟೂ ನನಗೆ ಕುತೂಹಲ ಹೆಚ್ಚಿತು. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಔಲುವಿನ ಜೂನ್ ತಿಂಗಳಲ್ಲಿ ರಾತ್ರಿ ಹತ್ತೂವರೆಗೆ ಹೊರಗೆ ಹಗಲಿನಷ್ಟೇ ಬೆಳಕಿರುತ್ತದೆ, ಆದರೂ ಮಲಗಬೇಕು. ಸಿನಿಮಾ ಇಲ್ಲ, ಟೀವಿ ಇಲ್ಲ, ಪ್ರೇಮ ಇಲ್ಲ, ಈಜು ಇಲ್ಲ. ವಾರಕ್ಕೊಂದು ಬಿಡುವಿನ ದಿನ. ಅದರಲ್ಲೇ ಬಟ್ಟೆ ಒಗೆಯುವುದು, ದಿನಸಿ ತರುವುದು, ಮನೆಗೆ ಪತ್ರ ಬರೆಯುವುದು. ಅಪ್ಪ ಅಮ್ಮನ ಜೊತೆ ಮಾತನಾಡಲು ಆಗ ವರ್ಷಕ್ಕೆ ಎರಡೇ ಸಂದರ್ಭ, ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. 2019ರ ಫೆಬ್ರವರಿಯಲ್ಲಿ ಈ ನಿಯಮ ಸಡಿಲವಾಗಿ ವಾರಕ್ಕೊಮ್ಮೆ ಕರೆ ಮಾಡಬಹುದು ಎಂದಾಯಿತು. ಇಷ್ಟಾಗಿ ಇದಕ್ಕೆ ಸಂಬಳವೂ ಇಲ್ಲ. ಹುಡುಗನ ಮನೆಯವರೇ ಹಣ ಕಟ್ಟಬೇಕು. ಆಗ ಅಮೆರಿಕದ ಕುಟುಂಬಗಳು ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದವು, 2020ರ ಜುಲೈಯಿಂದ ಅದು 500 ಆಯಿತು. ದುಬಾರಿ ಫಿನ್‌ಲ್ಯಾಂಡಿಗೆ ಹೋದರೂ ಅಗ್ಗದ ದೇಶಕ್ಕೆ ಹೋದರೂ ಕಟ್ಟುವುದು ಅಷ್ಟೇ.

ಜೊತೆಗಾರನ ವಿಷಯ ಇವೆಲ್ಲಕ್ಕಿಂತ ಕಠಿಣ ಎಂದು ನನಗೆ ಕಂಡಿತು. ಸ್ನಾನದ ಮನೆ ಬಿಟ್ಟರೆ ಇಪ್ಪತ್ತನಾಲ್ಕು ಗಂಟೆ ಇಬ್ಬರೂ ಒಟ್ಟಿಗಿರಬೇಕು. ಯಾರ ಜೊತೆ ಯಾರು ಎಂಬುದನ್ನು ಮೇಲಿನವರು ನಿರ್ಧರಿಸುತ್ತಾರೆ. ಆರು ವಾರಕ್ಕೊಮ್ಮೆ ಬದಲಾವಣೆಯ ಪಟ್ಟಿ ಬರುತ್ತದೆ. ಜೊತೆಗಾರ ಗೊರಕೆ ಹೊಡೆಯಬಹುದು, ಮುಂಗೋಪಿಯಾಗಿರಬಹುದು, ಭಕ್ತಿಯಲ್ಲಿ ನಿಮಗಿಂತ ಒಂದು ಕೈ ಮೇಲಾಗಿ ನಿಮ್ಮನ್ನು ದಿನವಿಡೀ ತಿದ್ದುತ್ತಿರಬಹುದು. ಆದರೂ ಅವನನ್ನು ಬಿಟ್ಟು ಅಂಗಡಿಗೂ ಹೋಗುವಂತಿಲ್ಲ. ಮದುವೆಯಾಗಿ ಪರದೇಶದಲ್ಲಿ ಒಂದು ಸಣ್ಣ ಮನೆಯಲ್ಲಿ ಮೊದಲ ಚಳಿಗಾಲ ಕಳೆದ ಯಾರಿಗಾದರೂ ಇದರ ಕಷ್ಟ ಗೊತ್ತಿರುತ್ತದೆ. ನಮಗಾದರೋ ಒಬ್ಬರನ್ನೊಬ್ಬರು ಆರಿಸಿಕೊಂಡಿದ್ದೇವೆಂಬ ಸಮಾಧಾನವಿತ್ತು.

ಭಾಷೆಯನ್ನು ಯೂಟಾದ ಪ್ರೊವೊ ಎಂಬ ಊರಿನ ತರಬೇತಿ ಕೇಂದ್ರದಲ್ಲಿ ಎರಡು ತಿಂಗಳ ಆಸುಪಾಸು ಕಲಿಸಿ ಕಳುಹಿಸುತ್ತಾರೆ. ಫಿನ್ನಿಶ್‌ಗೆ ಹದಿನೈದು ವಿಭಕ್ತಿಗಳು. ವಿಮಾನ ಇಳಿದಾಗ ಹುಡುಗನ ಬಾಯಲ್ಲಿ ಪ್ರಾರ್ಥನೆ ಇರುತ್ತದೆ, ಜೋಸೆಫ್ ಸ್ಮಿತ್‌ಗೆ ದೇವರು ಕಾಣಿಸಿಕೊಂಡ ಕಥೆ ಇರುತ್ತದೆ, ಬಸ್ ಎಷ್ಟು ಹೊತ್ತಿಗೆ ಎಂದು ಕೇಳುವ ವಾಕ್ಯ ಇರುವುದಿಲ್ಲ. ಬಾಗಿಲಲ್ಲಿ ನಿಂತು ಸೃಷ್ಟಿಯ ಉದ್ದೇಶ ವಿವರಿಸಬಲ್ಲವನು ಅಂಗಡಿಯಲ್ಲಿ ಬೆಣ್ಣೆ ಕೇಳಲು ಒದ್ದಾಡುತ್ತಾನೆ.

ಇನ್ನು ಬಾಗಿಲು ತಟ್ಟುವ ಕೆಲಸ. ಚಳಿ ಹೆಚ್ಚಿದ ದಿನ ಸಾಲುಮನೆಗಳಿಗಿಂತ ಬಹುಮಹಡಿ ಕಟ್ಟಡಗಳು ಮೇಲು, ಏಕೆಂದರೆ ಮೆಟ್ಟಿಲುಗಳ ಜಾಗ ಬೆಚ್ಚಗಿರುತ್ತದೆ. ಆದರೆ ಕೆಳಗಿನ ಬಾಗಿಲಿಗೆ ಬೀಗ. ಯಾರಾದರೂ ಒಳಗೆ ಹೋಗುವವರು ಬಂದರೆ ಅವರ ಹಿಂದೆ ನುಸುಳಬೇಕು. ಮೇಲಿನ ಮಹಡಿಯಿಂದ ಶುರುಮಾಡಿ ಇಳಿಯುತ್ತಾ ಬರುವುದು ಕ್ರಮ. ಯಾರಾದರೂ ಸಿಟ್ಟಾಗಿ ಹೊರಗೆ ಹಾಕಿದರೂ ಹತ್ತುವ ಕೆಲಸ ಮುಗಿದಿರುತ್ತದೆ ಎಂದು ಕನ್ನಡಕದ ಹುಡುಗ ನಕ್ಕ. ಹಳೆಯ ಕಟ್ಟಡಗಳಲ್ಲಿ ಒಂದೊಂದು ಮನೆಗೂ ಎರಡೆರಡು ಬಾಗಿಲು, ಒಂದರ ಹಿಂದೆ ಒಂದು. ಪತ್ರ ಹಾಕುವ ಕಂಡಿಯ ಮೇಲೆ ಮನೆಯವರ ಹೆಸರು, ಪಕ್ಕದಲ್ಲಿ ಜಾಹೀರಾತು ಬೇಡ ಎಂಬ ಚೀಟಿ. ಫಿನ್ನರು ಬೈಯುವುದಿಲ್ಲ. ಬೇಡ, ಧನ್ಯವಾದ ಎನ್ನುತ್ತಾರೆ, ಬಾಗಿಲು ಮುಚ್ಚುತ್ತಾರೆ. ಅಥವಾ ಏನೂ ಹೇಳದೆ ಮುಚ್ಚುತ್ತಾರೆ. ಜಗಳಕ್ಕೆ ಬಂದರೆ ಎಷ್ಟೋ ವಾಸಿ, ಮಾತಾದರೂ ಬೆಳೆಯುತ್ತದೆ ಎಂದು ಆ ಹುಡುಗರಿಗೆ ಅನ್ನಿಸುತ್ತಿತ್ತಂತೆ. ಬೀದಿಯಲ್ಲಿದ್ದಾಗ ಮೊಬೈಲ್ ಬ್ಯಾಟರಿ ಚಳಿಗೆ ಸತ್ತುಹೋಗುತ್ತದೆ, ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ, ಸೂಟಿನ ಕೆಳಗೆ ಎರಡು ಪದರ ಉಣ್ಣೆ ಇದ್ದರೂ ಮೊಣಕಾಲು ಮರಗಟ್ಟುತ್ತದೆ. ಪ್ರತಿ ವಾರ ಲೆಕ್ಕ ಒಪ್ಪಿಸಬೇಕು: ಎಷ್ಟು ಜನರೊಡನೆ ಪಾಠ ನಡೆಯಿತು, ಎಷ್ಟು ಜನ ಸಭೆಗೆ ಬಂದರು, ದೀಕ್ಷೆಗೆ ಯಾರು ಒಪ್ಪಿದರು. ಫಿನ್‌ಲ್ಯಾಂಡಿನಲ್ಲಿ ಆ ಅಂಕಣಗಳಲ್ಲಿ ಹೆಚ್ಚಾಗಿ ಸೊನ್ನೆಯೇ ಇರುತ್ತದೆ.

ಈ ಸೊನ್ನೆಗಳಿಗೆ ಹಳೆಯ ಇತಿಹಾಸವಿದೆ. 1870ರ ದಶಕದಲ್ಲೇ ಸ್ವೀಡನ್ನಿನಿಂದ ಮಾರ್ಮನ್ ಪ್ರಚಾರಕರು ಫಿನ್‌ಲ್ಯಾಂಡಿನ ಪಶ್ಚಿಮ ಕರಾವಳಿಗೆ ಬಂದಿದ್ದರು. ಆಗ ದೇಶ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು, ಇಂಥ ಪ್ರಚಾರಕ್ಕೆ ಕಾನೂನಿನ ಅಡ್ಡಿಯಿತ್ತು. ಕೆಲಸ ನಿಜವಾಗಿ ಶುರುವಾದದ್ದು ಎರಡನೇ ಮಹಾಯುದ್ಧದ ನಂತರ. ಯುದ್ಧದಲ್ಲಿ ನಲುಗಿದ ಯೂರೋಪಿಗೆ ಪರಿಹಾರ ಸಾಮಗ್ರಿ ಹಂಚಲು ಬಂದಿದ್ದ ಎಜ್ರಾ ಟಾಫ್ಟ್ ಬೆನ್ಸನ್ 1946ರ ಜುಲೈಯಲ್ಲಿ ಲಾರ್ಸ್ಮೊ ಎಂಬಲ್ಲಿ ನಿಂತು ಈ ದೇಶವನ್ನು ಪ್ರಚಾರಕ್ಕೆ ಅರ್ಪಿಸಿ ಪ್ರಾರ್ಥಿಸಿದರು. ಇದೇ ಬೆನ್ಸನ್ ಮುಂದೆ ಐಸೆನ್‌ಹೋವರ್ ಸರ್ಕಾರದಲ್ಲಿ ಕೃಷಿ ಸಚಿವರಾದರು, ಆಮೇಲೆ ಚರ್ಚಿನ ಅಧ್ಯಕ್ಷರೂ ಆದರು. 1947ರಲ್ಲಿ ಫಿನ್‌ಲ್ಯಾಂಡಿನದೇ ಪ್ರತ್ಯೇಕ ಮಿಷನ್, 1954ರಲ್ಲಿ ಅವರ ಧರ್ಮಗ್ರಂಥ ಬುಕ್ ಆಫ್ ಮಾರ್ಮನ್‌ನ ಫಿನ್ನಿಶ್ ಅನುವಾದ, 2006ರಲ್ಲಿ ಒಂದು ದೇವಾಲಯ. ಹೆಲ್ಸಿಂಕಿಯ ಹೆಸರಿದ್ದರೂ ದೇವಾಲಯ ಇರುವುದು ಪಕ್ಕದ ಎಸ್ಪೋದಲ್ಲಿ, ನೋಕಿಯಾದ ಮುಖ್ಯ ಕಚೇರಿಯಿಂದ ಬಹಳ ದೂರವೇನಿಲ್ಲ. ಎಸ್ಪೋದ ಕನ್ನಡಿಗರು ಅದರ ಗೋಪುರದ ಮೇಲಿನ ಚಿನ್ನದ ಬಣ್ಣದ ಪ್ರತಿಮೆಯನ್ನು ನೋಡಿಯೇ ಇರುತ್ತಾರೆ. ಮುಕ್ಕಾಲು ಶತಮಾನದ ಈ ದುಡಿಮೆಯ ನಂತರ 55 ಲಕ್ಷ ಜನರ ದೇಶದಲ್ಲಿ ಮಾರ್ಮನ್ನರ ಸಂಖ್ಯೆ 5,000ದ ಆಸುಪಾಸು.

ಊರಿಗೆ ಫೋನ್ ಮಾಡಿದಾಗ ಈ ಹುಡುಗರ ವಿಷಯ ಹೇಳಿದೆ. ಅಪ್ಪಯ್ಯ ಸಿಡಿದರು. "ಮತಾಂತರಕ್ಕೆ ಬಂದವರನ್ನು ಮನೆಯೊಳಗೆ ಯಾಕೆ ಕರೆದೆ? ಹಾಲು ಬೇರೆ ಕೊಟ್ಟೆಯಾ?" ಅವರ ಸಿಟ್ಟು ನನಗೆ ಹೊಸದಲ್ಲ, ಅದರಲ್ಲಿ ಹುರುಳಿಲ್ಲ ಎಂದೂ ನಾನು ಹೇಳುವುದಿಲ್ಲ. ನಿನ್ನ ದಾರಿ ಸಾಲದು, ನನ್ನ ಬಳಿ ಪೂರ್ತಿ ಇದೆ ಎನ್ನುವ ಮಾತನ್ನು ಎಷ್ಟು ನಯವಾಗಿ ಹೇಳಿದರೂ ಒಳಗೊಂದು ಮುಳ್ಳಿರುತ್ತದೆ. ಅವರು ಕೊಟ್ಟ ಪುಸ್ತಕವನ್ನು ನಾನು ಅರ್ಧ ಓದಿದೆ, ನನಗದು ಹತ್ತಲಿಲ್ಲ. ಕರಿಯ ಜನಾಂಗದವರಿಗೆ 1978ರವರೆಗೆ ಪೌರೋಹಿತ್ಯವನ್ನು ಯಾಕೆ ಕೊಟ್ಟಿರಲಿಲ್ಲ ಎಂದು ಕೇಳಿದಾಗ ಇಬ್ಬರೂ ಕಿವಿಯವರೆಗೆ ಕೆಂಪಾದರು. ತಾವು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ತಪ್ಪಿಗೆ ಆ ಚಳಿಯಲ್ಲಿ ಬಂದು ಉತ್ತರ ಹೇಳಬೇಕಾದ ಹುಡುಗರನ್ನು ಮತ್ತೆ ಚುಚ್ಚಲು ನನಗೆ ಮನಸ್ಸು ಬರಲಿಲ್ಲ.

ಸಿಟ್ಟು ಇಳಿದ ಮೇಲೆ ಅಪ್ಪಯ್ಯನೇ ಇನ್ನೊಂದು ಮಾತು ಹೇಳಿದರು. ಅವರು ಹೈಸ್ಕೂಲು ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಬೇರೆಯವರ ಬಾಗಿಲಲ್ಲಿ ನಿಲ್ಲುವುದು ಏನೆಂದು ಅವರಿಗೆ ಗೊತ್ತು. "ನಾವು ಹಸಿದು ಹೋಗುತ್ತಿದ್ದೆವು. ಹಸಿದವನಿಗೆ ಇಲ್ಲ ಎನ್ನಲು ಎಂಥವರಿಗೂ ನಾಲಿಗೆ ತಡೆಯುತ್ತದೆ. ಇವರು ಕೊಡುತ್ತೇವೆ ಎಂದು ಹೋಗುತ್ತಾರಲ್ಲ, ಯಾರು ಬಾಗಿಲು ತೆಗೆಯುತ್ತಾರೆ?"

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮನೆಮನೆ ತಿರುಗುವವರು ನಮಗೆ ಹೊಸಬರಲ್ಲ. ಉಪನಯನದ ವಟು, ಕೋರಾನ್ನಕ್ಕೆ ಬರುವ ಜಂಗಮ, ಮಧುಕರ ವೃತ್ತಿಯ ದಾಸರು, ಎಲ್ಲರೂ ಕೈಯೊಡ್ಡಿ ನಿಂತವರು. ಕೈಯೊಡ್ಡಿದವನ ಎದುರು ಮನೆಯವರು ದೊಡ್ಡವರಾಗುತ್ತಾರೆ. ಅದಕ್ಕೇ ಇರಬೇಕು, ನಮ್ಮ ಹಿಂದಿನವರು ವೈರಾಗ್ಯ ಕಲಿಯುವವನ ಕೈಗೆ ಮೊದಲು ಜೋಳಿಗೆ ಕೊಟ್ಟದ್ದು. ಕೊಡಲು ಬಂದವನ ಎದುರು ಮನೆಯವರು ಸಣ್ಣವರಾಗಬೇಕು. ನಿಮ್ಮಲ್ಲೇನೋ ಕೊರತೆಯಿದೆ ಎಂದು ಒಪ್ಪಿಕೊಳ್ಳದ ಹೊರತು ಅವನಿಂದ ಏನೂ ಪಡೆಯಲಾಗದು. ಮಂಡಿಯವರೆಗೆ ಹಿಮ ತುಂಬಿದ ಊರಿನಲ್ಲಿ, ಯಾರ ಹಂಗೂ ಬೇಡದ ಜನರ ನಡುವೆ, ಹತ್ತೊಂಬತ್ತರ ಹುಡುಗ ದಿನವಿಡೀ ಕೊಡುತ್ತೇನೆ ಕೊಡುತ್ತೇನೆ ಎಂದು ಅಲೆದರೆ ಸಿಗುವುದು ತಿರಸ್ಕಾರವೇ. ಕುತೂಹಲದ ಸಂಗತಿಯೆಂದರೆ, ಅವರಿಗೆ ಬಾಗಿಲು ತೆರೆಯುತ್ತಿದ್ದದ್ದು ಅವರು ಏನಾದರೂ ಕೇಳಿದಾಗ. ನಮ್ಮ ಎದುರು ಮನೆಯ ಅಜ್ಜಿ ಅವರ ಪುಸ್ತಕವನ್ನು ಕಣ್ಣೆತ್ತಿ ನೋಡಲಿಲ್ಲ. ಆದರೆ ಮೇಸಾದವನು ಜಾರಿಬಿದ್ದ ದಿನ, ಈ ಮಂಜುಗಡ್ಡೆಯ ಮೇಲೆ ನಡೆಯುವುದು ಹೇಗಮ್ಮ ಎಂದು ಕೇಳಿದ್ದೇ ತಡ, ಒಳಗೆ ಹೋಗಿ ಬೂಟಿಗೆ ಕಟ್ಟುವ ಮೊಳೆಪಟ್ಟಿ ತಂದುಕೊಟ್ಟು, ಪೆಂಗ್ವಿನ್ ಹಾಗೆ ಹೆಜ್ಜೆ ಇಡುವುದನ್ನು ಅರ್ಧ ಗಂಟೆ ಕಲಿಸಿದರು. ಅಷ್ಟು ಮಾತನ್ನು ಅವರು ನನ್ನ ಜೊತೆ ಇಡೀ ಚಳಿಗಾಲದಲ್ಲಿ ಆಡಿರಲಿಲ್ಲ.

ಹುಡುಗಿಯರೂ ಇದ್ದರು. ಅವರಿಗೆ ಹದಿನೆಂಟು ತಿಂಗಳ ಸೇವೆ. ಗಂಡುಮಕ್ಕಳಿಗೆ ಇದು ಕರ್ತವ್ಯ, ಹೆಣ್ಣುಮಕ್ಕಳಿಗೆ ಐಚ್ಛಿಕ. 2012ರ ಅಕ್ಟೋಬರಿನಲ್ಲಿ ವಯಸ್ಸಿನ ಮಿತಿಯನ್ನು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದ ಮೇಲೆ ಹುಡುಗಿಯರ ಸಂಖ್ಯೆ ಏರಿತು. ನಾನು ಹೆಂಗಸಾದ್ದರಿಂದ ಅವರು ಧಾರಾಳವಾಗಿ ಒಳಗೆ ಬರುತ್ತಿದ್ದರು, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿಕೊಡುತ್ತಿದ್ದರು. ಒಬ್ಬಳು ಐಡಾಹೊದ ಆಲೂಗಡ್ಡೆ ಬೆಳೆಗಾರರ ಮಗಳು, ದೊಡ್ಡ ಗಂಟಲು, ದೊಡ್ಡ ನಗು. ನವೆಂಬರಿನಲ್ಲಿ ಅವಳ ನಗು ಕಡಿಮೆಯಾಯಿತು. ಡಿಸೆಂಬರಿನಲ್ಲಿ ಸುಮ್ಮನೆ ಕಿಟಕಿಯ ಕಡೆ ಕುಳಿತಿರುತ್ತಿದ್ದಳು. ಕಿಟಕಿಯಾಚೆ ನೋಡಲು ಕತ್ತಲೆ ಬಿಟ್ಟು ಏನೂ ಇರಲಿಲ್ಲ. ಆ ಕತ್ತಲೆ ಎಂಥದೆಂದು ಮಲೆನಾಡಿನ ಆಷಾಢ ನೋಡಿದ ನನಗೂ ಅಲ್ಲಿಗೆ ಹೋಗುವವರೆಗೆ ತಿಳಿದಿರಲಿಲ್ಲ. ವಿಟಮಿನ್ ಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದೆ, ಬೆಳಕಿನ ದೀಪವೊಂದನ್ನು ಕೊಟ್ಟೆ. ಅವಧಿ ಮುಗಿಯುವ ಮೊದಲೇ ಅವಳು ಊರಿಗೆ ಹೊರಟಳು.

ಹೊರಡುವ ಮೊದಲು ಅವಳನ್ನು ಕಾಡುತ್ತಿದ್ದದ್ದು ಕಾಯಿಲೆಯಲ್ಲ, ಊರಿನವರ ಕಣ್ಣು. ಮಿಷನ್ ಪೂರೈಸದೆ ಮರಳಿದವರನ್ನು ಅಲ್ಲಿ ಯಾರೂ ಎದುರಿಗೆ ಏನೂ ಅನ್ನುವುದಿಲ್ಲವಂತೆ. ಏನಾಯಿತು ಎಂದು ಮೆತ್ತಗೆ ಕೇಳುತ್ತಾರಂತೆ, ಅಷ್ಟು ಸಾಕಂತೆ. ಈ ವ್ಯವಸ್ಥೆಯಲ್ಲಿ ನನಗೆ ಸಹಿಸಲಾಗದ್ದು ಇದು. ಹದಿಹರೆಯದವರನ್ನು ಮನೆಯಿಂದ ಏಳೆಂಟು ಸಾವಿರ ಕಿಲೋಮೀಟರ್ ದೂರದ ಕತ್ತಲೆಗೆ ಕಳುಹಿಸುತ್ತಾರೆ, ಅಮ್ಮನ ದನಿ ಆಗ ವರ್ಷಕ್ಕೆರಡು ಸಲ ಮಾತ್ರ ಕೇಳಿಸುತ್ತಿದ್ದರು, ಅದನ್ನು ತಾಳಿಕೊಳ್ಳಲಾಗದಿದ್ದರೆ ಅದು ಅವರ ನಂಬಿಕೆಯ ಕೊರತೆಯಾಗುತ್ತದೆ. ಫೋನಿನ ನಿಯಮ ಬದಲಾದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದವಳು ಅವಳು. ಒಂದೆರಡು ವರ್ಷ ಮೊದಲೇ ಬದಲಾಯಿಸಬಹುದಿತ್ತು.

ಅದೇ ವ್ಯವಸ್ಥೆಯ ಇನ್ನೊಂದು ಮುಖವನ್ನು ಯೂಟಾದಲ್ಲಿ ನೋಡಿದೆ. ಕೆಲಸದ ಮೇಲೆ ಸಾಲ್ಟ್ ಲೇಕ್ ಸಿಟಿಗೆ ಹೋಗಬೇಕಾಯಿತು. 2020ರಲ್ಲಿ ತೆರೆದ ಅಲ್ಲಿನ ಹೊಸ ವಿಮಾನ ನಿಲ್ದಾಣದಲ್ಲಿ, ಬರುವವರನ್ನು ಎದುರುಗೊಳ್ಳುವ ಬಳಗಕ್ಕೆಂದೇ ದೊಡ್ಡದೊಂದು ಕೋಣೆ ಕಟ್ಟಿದ್ದಾರೆ. ಮಿಷನ್ ಮುಗಿಸಿ ಬರುವವರ ಮನೆಯವರು ಹಿಂದೆ ಸಾಮಾನು ಸಿಗುವ ಜಾಗದಲ್ಲೆಲ್ಲ ಬಲೂನು, ಬ್ಯಾನರು ಹಿಡಿದು ತುಂಬಿಕೊಳ್ಳುತ್ತಿದ್ದರಂತೆ. ಆ ರಾಜ್ಯದಲ್ಲಿ ಯಾವ ಕಚೇರಿಗೆ ಹೋದರೂ ಪೋರ್ಚುಗೀಸ್, ಕೊರಿಯನ್, ಟಾಗಲೋಗ್ ಬಲ್ಲ ಬಿಳಿಯರು ಸಿಗುತ್ತಾರೆ. ಮನೆಮನೆಗೆ ಹೋಗಿ ಕೀಟನಾಶಕ ಸಿಂಪಡಣೆ, ಸೌರಫಲಕ ಮಾರುವ ಕಂಪನಿಗಳಿಗೂ ಇವರೇ ಬೇಕು. ಔಲುವಿನಲ್ಲಿ ದೇವರನ್ನು ಕೊಡಲು ಹೋಗಿ ಬೇಡ ಎನಿಸಿಕೊಂಡವನಿಗೆ ಟೆಕ್ಸಾಸಿನಲ್ಲಿ ಇರುವೆ ಔಷಧ ಬೇಡ ಎನಿಸಿಕೊಳ್ಳುವುದು ಯಾವ ಲೆಕ್ಕ?

ಮೇಸಾದ ಹುಡುಗ ಈಗ ಯೂಟಾದಲ್ಲೇ ಇದ್ದಾನೆ. ಮದುವೆಯಾಗಿದೆ, ಒಬ್ಬ ಮಗ. ಊಟಕ್ಕೆ ಕರೆದರು. ಅವನ ಮನೆಯಲ್ಲಿ ಅವನನ್ನು ಅವನ ಸ್ವಂತ ಹೆಸರಿನಿಂದ ಕರೆಯುವುದನ್ನು ಕೇಳಿ ನನಗೆ ಬೇರೆ ಯಾರದೋ ಮನೆಗೆ ಬಂದ ಹಾಗಾಯಿತು. ಆ ಎರಡು ವರ್ಷದಲ್ಲಿ ಅವನಿಂದ ದೀಕ್ಷೆ ಪಡೆದವರು ಒಬ್ಬರೇ, ನಿವೃತ್ತ ಲಾರಿ ಚಾಲಕ. ಆತನೂ ಕ್ರಮೇಣ ಚರ್ಚಿಗೆ ಹೋಗುವುದನ್ನು ಬಿಟ್ಟರಂತೆ. ಆದರೂ ತಿಂಗಳಿಗೊಮ್ಮೆ ಇಬ್ಬರೂ ಫಿನ್ನಿಶ್‌ನಲ್ಲಿ ಫೋನ್ ಮಾಡಿಕೊಂಡು ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ವಿಷಯ ಮಾತನಾಡುತ್ತಾರೆ. ದೇವರ ವಿಷಯ ಬರುವುದಿಲ್ಲವೇ ಎಂದು ಕೇಳಿದೆ. "ಅವರು ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ" ಎಂದ.

ಅವನ ಹೆಂಡತಿ ಫಿಲಿಪೀನ್ಸಿನಲ್ಲಿ ಸೇವೆ ಮಾಡಿ ಬಂದವಳು. ಅಲ್ಲಿ ಜನ ಕುರ್ಚಿ ಹಾಕಿ ಕೂರಿಸಿ ಹಣ್ಣು ಕೊಟ್ಟು ಕಥೆ ಕೇಳುತ್ತಿದ್ದರಂತೆ. ಮಗನನ್ನೂ ಕಳುಹಿಸುತ್ತೀರಾ ಎಂದೆ. ಕಳುಹಿಸದೆ ಇರುತ್ತೇವೆಯೇ ಎಂದಳು ಅವಳು, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾಕೆ ಕೇಳುತ್ತೀರಿ ಎಂಬ ದನಿಯಲ್ಲಿ. ಅವನು ಮಗನ ತಟ್ಟೆಗೆ ಅನ್ನ ಹಾಕುತ್ತಿದ್ದ. "ಅದು ಅವನೇ ಹೇಳಬೇಕು" ಎಂದ. ಅವಳು ಗಂಡನ ಕಡೆ ತಿರುಗಿದಳು. ಈ ಮಾತು ಆ ಮನೆಯಲ್ಲಿ ಮೊದಲ ಸಲ ಬಂದದ್ದಲ್ಲ ಎಂದು ಗೊತ್ತಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.